ಬಳ್ಳಾರಿ ಜಾಲಿಯ ಪಾಲಾಗುವ ಫ್ಲೈಗಳು

ಗಂಗಾವತಿಯಲ್ಲಿ ನಾನು ಹೋಗುವ ಮೋಟಾರ್ ವೈಂಡಿಂಗ್ ಅಂಗಡಿಯವರು ಈಗ ಏನೂ ಕೇಳುವುದಿಲ್ಲ, ಉಳಿದ ತಂತಿಯ ಡಬ್ಬಿಯನ್ನು ಮುಂದೆ ತಳ್ಳುತ್ತಾರೆ. ಫ್ಯಾನಿನ ಮೋಟಾರಿಗೆ ಸುತ್ತುವ, ಕೂದಲೆಳೆಗಿಂತ ತುಸು ದಪ್ಪದ ಕೆಂಪು ತಾಮ್ರದ ತಂತಿ ನನಗೆ ಬೇಕು. ಅದರಿಂದ ನಾನು ಮೀನಿಗೆ ಹುಳ ಕಟ್ಟುತ್ತೇನೆ.

ಫ್ಲೈ ಎಂದರೆ ನೊಣವೇ ಆಗಬೇಕಿಲ್ಲ. ಗಾಳದ ಮೇಲೆ ಗರಿ, ನೂಲು, ತಂತಿ ಸುತ್ತಿ ಮಾಡಿದ ಹುಳವೋ ಮರಿಮೀನೋ ಆದರೆ ಸಾಕು. ಎರೆಹುಳುವಿನ ಗಾಳಕ್ಕೆ ಸೀಸದ ಗುಂಡು ಕಟ್ಟಿ ಎಸೆಯುತ್ತೇವೆ. ಇಲ್ಲಿ ಹಾಗಲ್ಲ, ದಪ್ಪ ದಾರದ ತೂಕವೇ ಹಗುರವಾದ ಫ್ಲೈಯನ್ನು ಹೊತ್ತೊಯ್ಯುತ್ತದೆ.

ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರರಾಗಿದ್ದ ಫ್ರಾಂಕ್ ಸಾಯರ್ ಅವರ ಪ್ರಸಿದ್ಧ ಫ್ಲೈಗೆ ಎರಡೇ ಸಾಮಗ್ರಿ: ಫೆಸೆಂಟ್ ಹಕ್ಕಿಯ ಬಾಲದ ಗರಿ ಮತ್ತು ತಾಮ್ರದ ತಂತಿ. ನೂಲು ಕೂಡ ಇಲ್ಲ. ನಾನು ಫೆಸೆಂಟ್ ಬದಲು ಜವಾರಿ ಹುಂಜದ ಬಾಲದ ಕಂದು ಗರಿ ಹಿಡಿಯುತ್ತೇನೆ. ಗಾಳದ ಉದ್ದಕ್ಕೂ ತಂತಿ ಸುತ್ತಿ, ಎದೆಯ ಜಾಗದಲ್ಲಿ ಸಣ್ಣ ಉಬ್ಬು ಮಾಡಬೇಕು. ನಾಲ್ಕು ಗರಿ ಎಳೆಗಳ ತುದಿಯನ್ನು ಬಾಲವಾಗಿ ಚಾಚಿ ಬಿಗಿದು, ಆ ಎಳೆಗಳ ಉಳಿದ ಉದ್ದವನ್ನು ತಂತಿಯೊಡನೆ ಹೊಸೆದು ಮುಂದಕ್ಕೆ ಸುತ್ತಬೇಕು. ಮುಂತುದಿಯಲ್ಲಿ ಎಳೆ, ತಂತಿ ಎರಡನ್ನೂ ಬಿಡಿಸಿ, ಎಳೆಗಳನ್ನು ಉಬ್ಬಿನ ಮೇಲೆ ಹಿಂದಕ್ಕೂ ಮುಂದಕ್ಕೂ ಮಡಚಿ ತಂತಿಯಿಂದಲೇ ಕಟ್ಟಿ ಮುಗಿಸಬೇಕು. ತಂತಿಯೇ ತೂಕ, ತಂತಿಯೇ ಬಣ್ಣ, ತಂತಿಯೇ ಗಂಟು. ನನಗೆ ಐದು ನಿಮಿಷದ ಕೆಲಸ. ಕೆರೆಯ ಜಿಲೇಬಿ ಮೀನು ಅದನ್ನು ಕಚ್ಚುವಾಗ ಮುಖ ಸಿಂಡರಿಸಿದ್ದನ್ನು ನಾನಂತೂ ಕಂಡಿಲ್ಲ.

ಇನ್ನೊಂದು ತುದಿಯಲ್ಲಿ ಸಾಲ್ಮನ್ ಮೀನಿಗೆಂದು ಕಟ್ಟುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಫ್ಲೈಗಳಿವೆ. ಜಾಕ್ ಸ್ಕಾಟ್ ಎಂಬ ಒಂದೇ ಫ್ಲೈಗೆ ಹತ್ತಾರು ಬಗೆಯ ಗರಿ ಮತ್ತು ರೇಷ್ಮೆ ಬೇಕು. ಅದರ ಕೆನ್ನೆಗೆ ಕೂರಿಸುವ, ಮೇಣದ ಹನಿ ಬಿದ್ದಂಥ ಚುಕ್ಕೆಯ ಗರಿ ನಮ್ಮ ದಕ್ಷಿಣ ಭಾರತದ ಬೂದು ಕಾಡುಕೋಳಿಯ ಕೊರಳಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಆ ಹಕ್ಕಿಗಿದೆ. ಆ ಗರಿ ತಂದುಕೊಡುತ್ತೇನೆ ಎಂದವರನ್ನು ನಾನು ಬಾಗಿಲಿನಿಂದಲೇ ಕಳುಹಿಸಿದ್ದೇನೆ. ಜಾಕ್ ಸ್ಕಾಟ್ ಕಟ್ಟುವುದು ನಿಜವಾದ ಕಲೆ, ಗಾಜಿನ ಚೌಕಟ್ಟಿನಲ್ಲಿ ಗೋಡೆಗೆ ತೂಗುಹಾಕಿ ನೋಡುವಂಥದ್ದು.

ನನಗೂ ಆ ಹುಚ್ಚು ಹಿಡಿದಿತ್ತು. ಒಮ್ಮೆ ಒಂದೂವರೆ ಗಂಟೆ ಕುಳಿತು ಕಾಲು, ಮೀಸೆ, ಮಣಿಗಣ್ಣು ಎಲ್ಲ ಇರುವ ಸಿಗಡಿಯೊಂದನ್ನು ಕಟ್ಟಿದೆ. ಎಡದಂಡೆ ಕಾಲುವೆಯ ಬದಿಯಲ್ಲಿ ಮೊದಲ ಎಸೆತಕ್ಕೇ ಅದು ಬೆನ್ನ ಹಿಂದಿನ ಬಳ್ಳಾರಿ ಜಾಲಿಗೆ ಸಿಕ್ಕಿಕೊಂಡಿತು. ಬಿಡಿಸಲು ಹೋಗಿ ಅಂಗಿ ಹರಿಯಿತು, ಫ್ಲೈ ಸಿಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಮುಂದಿನ ವಾರ ನಡೆಯಿತು. ಅಂಥದೇ ಇನ್ನೊಂದನ್ನು ಕಟ್ಟಿಕೊಂಡು ಹೋದವನು, ಕಳೆದೀತೆಂಬ ಭಯಕ್ಕೆ ದಿನವಿಡೀ ಬಯಲು ನೀರಿಗೇ ಎಸೆದೆ. ಮೀನು ಇದ್ದದ್ದು ಜೊಂಡಿನ ಬುಡದಲ್ಲಿ. ಫ್ಲೈ ದುಬಾರಿಯಾದಷ್ಟೂ ಕೈ ಅಂಜುತ್ತದೆ. ಕಲಿಯಲು ಬಂದವರಲ್ಲೂ ಇದನ್ನೇ ನೋಡುತ್ತಿದ್ದೇನೆ.

ಹಾಗೆಂದು ಸರಳವೇ ಸದಾ ಸರಿ ಎನ್ನಲಾರೆ. ಗದ್ದೆಯಂಚಿನ ಕಾಲುವೆಯ ಕೊರವ ಮೀನಿಗೆ ಕಳೆಯೊಳಗೇ ಫ್ಲೈ ಇಳಿಸಬೇಕು. ಆಗ ಗಾಳದ ಮೊನೆಯ ಮುಂದೆ ಗಟ್ಟಿ ನೈಲಾನಿನ ಒಂದು ಕುಣಿಕೆ ಬೇಕೇಬೇಕು. ಕಳೆ ತಾಗಿದರೆ ಅದು ಮೊನೆಯನ್ನು ಕಾಯುತ್ತದೆ, ಮೀನು ಕಚ್ಚಿದರೆ ಮಡಚಿಕೊಳ್ಳುತ್ತದೆ. ಆ ಕುಣಿಕೆ ಅಂದಗೇಡಿ, ಕಟ್ಟಲು ತೊಡಕು, ಆದರೂ ಬಿಡುವುದಿಲ್ಲ. ಮಣಿಗಣ್ಣನ್ನು ಬಿಟ್ಟೆ. ಮಳೆಗಾಲದ ಕೆಂಪು ನೀರಿನಲ್ಲಿ ಮೀನಿಗೆ ಕಾಣುವುದು ನೆರಳಿನಂಥ ಆಕಾರ ಮತ್ತು ಅಲುಗಾಟ. ಕಣ್ಣಿಟ್ಟದ್ದು ಅಂಗಡಿಯ ಗಿರಾಕಿಗೆ.

ಅಂದ ಹಾಗೆ, ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ಮೀನು ಅವುಗಳ ಪಾಲಿನದು, ನಾನು ಗಾಳ ಒಯ್ಯುವುದಿಲ್ಲ.

ಹೊಸಬರ ಫ್ಲೈ ಕೈಗೆ ಬಂದರೆ ನಾನು ಮೊದಲು ನೋಡುವುದು ಗಾಳದ ಕಣ್ಣನ್ನು. ಹಿಂದಿನಿಂದ ಸೊಗಸಾಗಿ ಸುತ್ತುತ್ತ ಬಂದು ಕೊನೆಗೆ ಗಂಟಿಗೆ ಜಾಗವಿಲ್ಲದೆ ಕಣ್ಣನ್ನೇ ಮುಚ್ಚಿರುತ್ತಾರೆ. ದಾರ ಪೋಣಿಸಲಾಗದ ಫ್ಲೈ ಎಷ್ಟು ಚೆಂದವಿದ್ದರೇನು? ಕಣ್ಣಿನ ಹಿಂದೆ ಇನ್ನೊಂದು ಕಣ್ಣಿನಷ್ಟು ಜಾಗ ಬಿಡಿ. ಮರೆತಿದ್ದರೆ ಬ್ಲೇಡಿನಿಂದ ಎಲ್ಲವನ್ನೂ ಸೀಳಿ ತೆಗೆಯಿರಿ. ಗಾಳ ಉಳಿಯುತ್ತದೆ, ಹೋದದ್ದು ಐದು ನಿಮಿಷ.