ಓದುಗರ ಪ್ರಶ್ನೆ: ಕೋಚಿಂಗ್ ಇಲ್ಲದೆ ಮನೆಯಲ್ಲೇ ಓದಿ ಕ್ಯಾಟ್ ಬರೆಯಬಹುದೇ?

ಪ್ರಶ್ನೆ: ಬಾಗಲಕೋಟೆಯಲ್ಲಿ ಬಿ.ಕಾಂ ಅಂತಿಮ ವರ್ಷಕ್ಕೆ ಬಂದಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಸಂಜೆ ನವನಗರದ ನಮ್ಮ ಬಟ್ಟೆ ಅಂಗಡಿಯಲ್ಲಿ ಕೂರಬೇಕಾದ್ದರಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಕೋಚಿಂಗ್ ಸೇರಲಾಗದು. ಜೂನ್‌ನಿಂದ ಓದಲು ಕುಳಿತರೆ ದಿನಕ್ಕೆ ಎಷ್ಟು ತಾಸು ಬೇಕು?

ಉತ್ತರ: ಐಐಎಂಗಳಂಥ (ಭಾರತೀಯ ನಿರ್ವಹಣಾ ಸಂಸ್ಥೆ) ಕಡೆ ಎಂಬಿಎ ಸೇರಲು ಬರೆಯುವ ಪ್ರವೇಶ ಪರೀಕ್ಷೆಯೇ ಕ್ಯಾಟ್. ಅಂತಿಮ ವರ್ಷದಲ್ಲಿರುವವರೂ ಅದನ್ನು ಬರೆಯಬಹುದು, ಮನೆಯಲ್ಲೇ ಓದಿ ಬರೆಯುವವರೂ ಇದ್ದಾರೆ. ಆದರೆ ತಾಸಿನ ಲೆಕ್ಕಕ್ಕಿಂತ ಮೊದಲು 40 ನಿಮಿಷದ ಲೆಕ್ಕ ಹಿಡಿಯಿರಿ. ಈಗಿನ ಪರೀಕ್ಷೆ 120 ನಿಮಿಷದ್ದು. ಇಂಗ್ಲಿಷ್ ಓದು, ದತ್ತಾಂಶ ಮತ್ತು ತರ್ಕ, ಗಣಿತ ಎಂಬ ಮೂರು ವಿಭಾಗಗಳು ಇದೇ ಕ್ರಮದಲ್ಲಿ ಬರುತ್ತವೆ, ಪ್ರತಿಯೊಂದಕ್ಕೂ 40 ನಿಮಿಷ, ಒಂದು ವಿಭಾಗದಿಂದ ಇನ್ನೊಂದಕ್ಕೆ ಜಿಗಿಯುವಂತಿಲ್ಲ. ಆದ್ದರಿಂದ ಬೆಳಿಗ್ಗೆ ಮೂರು ತಾಸು ಸಿಕ್ಕರೂ ಸಾಕು, ಅದನ್ನು 40 ನಿಮಿಷದ ಬೈಠಕ್‌ಗಳಾಗಿ ಒಡೆದುಕೊಂಡು, ನಡುವೆ ಮೊಬೈಲ್ ಮುಟ್ಟದೆ ಕೂರುವುದನ್ನು ಮೊದಲ ವಾರದಿಂದಲೇ ರೂಢಿಸಿಕೊಳ್ಳಿ.

ಅತಿ ಹೆಚ್ಚು ದಿನ ಬೇಡುವುದು ಇಂಗ್ಲಿಷ್ ಓದು. ಇತ್ತೀಚಿನ ವರ್ಷಗಳಲ್ಲಿ ಈ ವಿಭಾಗದ 24 ಪ್ರಶ್ನೆಗಳಲ್ಲಿ 16 ಪ್ರಶ್ನೆಗಳು ಗದ್ಯಭಾಗಗಳ ಮೇಲೆಯೇ ಇರುತ್ತವೆ. ತತ್ತ್ವಶಾಸ್ತ್ರ, ಇತಿಹಾಸ, ಪರಿಸರ, ಅರ್ಥಶಾಸ್ತ್ರ ಹೀಗೆ ವಿಷಯ ಯಾವುದೂ ಆಗಬಹುದು. ಇದಕ್ಕೆ ಕಠಿಣ ಶಬ್ದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು, ನನ್ನ ಅಭಿಪ್ರಾಯದಲ್ಲಿ, ವ್ಯರ್ಥ ಶ್ರಮ. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಅಥವಾ ದೀರ್ಘ ಲೇಖನ ಓದಿ, ಪತ್ರಿಕೆ ಮುಚ್ಚಿಟ್ಟು, ಲೇಖಕರು ಏನು ಹೇಳಿದರು, ಯಾರ ಮಾತನ್ನು ಒಪ್ಪಲಿಲ್ಲ ಎಂಬುದನ್ನು ಎರಡೇ ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ ಲೇಖನ ತಲೆಗೆ ಹತ್ತಿಲ್ಲ ಎಂದೇ ಅರ್ಥ. ಓದುತ್ತ ಓದುತ್ತ ಸಾಲುಸಾಲನ್ನು ಕನ್ನಡಕ್ಕೆ ತಿರುಗಿಸುವ ಅಭ್ಯಾಸವನ್ನು ಮಾತ್ರ ಬಿಡಬೇಕು, ಏಕೆಂದರೆ ಅದು ಸಮಯ ತಿನ್ನುತ್ತದೆ. ಎರಡು ತಿಂಗಳು ಏನೂ ಬದಲಾಗಿಲ್ಲ ಅನ್ನಿಸೀತು. ಜೂನ್‌ನಲ್ಲೇ ಆರಂಭಿಸಿ ಎನ್ನುವುದು ಅದಕ್ಕಾಗಿಯೇ.

ಗಣಿತದಲ್ಲಿ ನೀವು ಅಂದುಕೊಂಡಷ್ಟು ಹಿಂದೆ ಇಲ್ಲ. ಶೇಕಡಾ, ಲಾಭ-ನಷ್ಟ, ಅನುಪಾತ, ಕೆಲಸ-ಕಾಲ, ವೇಗ-ದೂರಗಳಿಗೆ ಇಲ್ಲಿ ದೊಡ್ಡ ಪಾಲು. ಇಳಕಲ್ ಸೀರೆಯ ಬೆಲೆಯನ್ನು ಶೇ 25 ಏರಿಸಿ ಬರೆದು, ಗಿರಾಕಿಗೆ ಶೇ 20 ರಿಯಾಯಿತಿ ಕೊಟ್ಟರೆ ಕೈಗೆ ಬರುವುದು ಅಸಲು ಮಾತ್ರ ಎಂಬುದು ಅಂಗಡಿಯವರಿಗೆ ತಿಳಿದದ್ದೇ. ಕಾಲು ಪಾಲು ಏರಿಸಿದ್ದನ್ನು ಐದರಲ್ಲೊಂದು ಪಾಲು ಇಳಿಸಿದೆವು ಎಂದು ಭಿನ್ನರಾಶಿಯಲ್ಲಿ ಯೋಚಿಸಿದರೆ ಇಂಥ ಲೆಕ್ಕಗಳಿಗೆ ಪೆನ್ನೇ ಬೇಡ. ಹತ್ತನೆಯ ತರಗತಿಯವರೆಗಿನ ಗಣಿತ ಪುಸ್ತಕಗಳನ್ನು ಮತ್ತೊಮ್ಮೆ ಮಾಡಿ ಮುಗಿಸಿ, ಆಮೇಲೆ ಹಳೆಯ ಪ್ರಶ್ನೆಪತ್ರಿಕೆಗಳಿಗೆ ಬನ್ನಿ. ತರ್ಕದ ವಿಭಾಗದಲ್ಲಿ ಮಾತ್ರ ಬಿಡಿಸುವುದಕ್ಕಿಂತ ಆರಿಸುವುದು ಮುಖ್ಯ: ಇಲ್ಲಿ ಒಂದೇ ಮಾಹಿತಿಯ ಮೇಲೆ ಕೆಲವು ಪ್ರಶ್ನೆಗಳ ಗುಂಪುಗಳಿರುತ್ತವೆ, ಮೊದಲ ಐದು ನಿಮಿಷ ಎಲ್ಲ ಗುಂಪುಗಳ ಮೇಲೂ ಕಣ್ಣಾಡಿಸಿ, ಕೈಹತ್ತುವಂಥ ಎರಡೋ ಮೂರೋ ಗುಂಪನ್ನು ಹಿಡಿಯಬೇಕು.

ಸರಿಯುತ್ತರಕ್ಕೆ 3 ಅಂಕ, ಬಹುಆಯ್ಕೆಯ ಪ್ರಶ್ನೆ ತಪ್ಪಿದರೆ 1 ಅಂಕ ಕಡಿತ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಒತ್ತುತ್ತ ಹೋದರೆ ಸರಾಸರಿ ಗಳಿಕೆ ಸೊನ್ನೆ. ಒಂದು ಆಯ್ಕೆ ಖಂಡಿತ ತಪ್ಪೆಂದು ತಳ್ಳಿಹಾಕಲು ಆದರೆ ಊಹೆ ಲಾಭದ ಕಡೆ ವಾಲುತ್ತದೆ. ಉತ್ತರವನ್ನು ನಾವೇ ಟೈಪ್ ಮಾಡಬೇಕಾದ ಪ್ರಶ್ನೆಗಳಲ್ಲಿ ಕಡಿತವಿಲ್ಲ, ಅವನ್ನು ಖಾಲಿ ಬಿಡಬೇಡಿ.

ಒಬ್ಬರೇ ಓದುವವರಿಗೆ ನಿಜವಾಗಿ ಇಲ್ಲದಿರುವುದು ತಪ್ಪು ತೋರಿಸುವವರು. ಆಗಸ್ಟ್‌ನಿಂದ ವಾರಕ್ಕೊಂದು ಅಣಕು ಪರೀಕ್ಷೆ ಬರೆದು, ಮರುದಿನ ಹೊಸದೇನನ್ನೂ ಓದದೆ ಅದನ್ನೇ ಬಿಚ್ಚಿ ನೋಡಿ. ಗೊತ್ತೇ ಇರಲಿಲ್ಲ, ಗೊತ್ತಿದ್ದೂ ತಪ್ಪಿತು, ಬಿಡಬೇಕಾದದ್ದನ್ನು ಹಿಡಿದು ಕುಳಿತೆ ಎಂದು ಮೂರು ಬಗೆಯಾಗಿ ತಪ್ಪುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರನೆಯ ಬಗೆ ಹೆಚ್ಚಾಗಿದ್ದರೆ ಇನ್ನಷ್ಟು ಓದಿ ಪ್ರಯೋಜನವಿಲ್ಲ, ಬಿಡುವುದನ್ನು ಕಲಿಯಬೇಕು.

ಕಾಲೇಜಿನ ಸೆಮಿಸ್ಟರ್ ಪರೀಕ್ಷೆಯನ್ನು ಕಡೆಗಣಿಸಬೇಡಿ. ಬೆಂಗಳೂರಿನ ಐಐಎಂ ಆಯ್ಕೆಯಲ್ಲಿ ಹತ್ತನೆಯ ತರಗತಿ, ಪಿಯುಸಿ ಮತ್ತು ಪದವಿ ಅಂಕಗಳಿಗೂ ತೂಕವಿದೆ. ರಾಜ್ಯದೊಳಗಿನ ಎಂಬಿಎ ಸೀಟಿಗಾಗಿ ಪಿಜಿಸಿಇಟಿಯನ್ನೂ (ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಬರೆದಿಡಿ, ಅದರಲ್ಲಿ ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ.

ಕೊನೆಯದಾಗಿ, ವೇಳಾಪಟ್ಟಿ ಬರೆಯುವ ಮುನ್ನ ಅಂಗಡಿಯ ಕ್ಯಾಲೆಂಡರ್ ನೋಡಿ. ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರದಂದು ನಡೆಯುತ್ತದೆ, ದಸರಾ-ದೀಪಾವಳಿಯ ವ್ಯಾಪಾರ ಅದಕ್ಕೆ ಸ್ವಲ್ಪ ಮೊದಲೇ ಬರುತ್ತದೆ. ಹೊಸ ಪಾಠಗಳೆಲ್ಲ ದಸರೆಗೆ ಮೊದಲೇ ಮುಗಿದಿರಲಿ, ಹಬ್ಬದ ವಾರಗಳಲ್ಲಿ ದಿನಕ್ಕೆ ಒಂದೇ ಬೈಠಕ್ ಇರಲಿ. ದೀಪಾವಳಿ ಕಳೆದ ಮೇಲಿನ ದಿನಗಳನ್ನು ಅಣಕು ಪರೀಕ್ಷೆಗಳಿಗೆ ಬಿಟ್ಟುಕೊಡುವಂತೆ ಮನೆಯವರೊಂದಿಗೆ ಈಗಲೇ ಮಾತಾಡಿಕೊಳ್ಳಿ.