ಅಡ್ಡಗಟ್ಟಿದರೋ, ಕೂಡಿ ಹಾಕಿದರೋ?

ಕಳೆದ ತಿಂಗಳು ಗಿರಿನಗರದ ಹಿರಿಯರೊಬ್ಬರು ನನ್ನ ವಕೀಲಿ ಆಫೀಸಿಗೆ ಬಂದರು. ಕೈಯಲ್ಲಿ ನಾಲ್ಕು ಪುಟದ ಇಂಗ್ಲಿಷ್ ದೂರು. ಪಕ್ಕದ ಮನೆಯವನು ರಸ್ತೆಗೆ ಅಡ್ಡ ಕಾರು ನಿಲ್ಲಿಸಿ, ತಾನೂ ಎದುರು ನಿಂತು, ಇವರನ್ನು ಮುಂದೆ ಹೋಗಲು ಬಿಟ್ಟಿರಲಿಲ್ಲ. ಅದನ್ನು ಇವರು ಉದ್ದಕ್ಕೂ ‘ರಾಂಗ್‌ಫುಲ್ ಕನ್ಫೈನ್‌ಮೆಂಟ್’, ಅಂದರೆ ಅಕ್ರಮವಾಗಿ ಕೂಡಿ ಹಾಕಿದ್ದು, ಅಂತ ಬರೆದಿದ್ದರು.

“ಸರ್, ರಸ್ತೆಯ ಇನ್ನೊಂದು ತುದಿ?” ಅಂತ ಕೇಳಿದೆ.

“ಖಾಲಿ ಇತ್ತಲ್ಲಮ್ಮಾ. ಆ ಕಡೆಯಿಂದ ಸುತ್ತಿಕೊಂಡು ಬ್ಯಾಂಕಿಗೆ ಹೋದೆ.”

ಹಾಗಿದ್ದರೆ ಅದು ಕನ್ಫೈನ್‌ಮೆಂಟ್ ಅಲ್ಲ, ರಿಸ್ಟ್ರೇಂಟ್, ಅಂದರೆ ಅಡ್ಡಗಟ್ಟಿದ್ದು. ಇದನ್ನು ನಾನು ವಾರಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತೇನೆ. ಆದರೂ ಜನ ದೊಡ್ಡ ಪದವನ್ನೇ ಹುಡುಕಿಕೊಂಡು ಬರುತ್ತಾರೆ. ಪದ ದೊಡ್ಡದಾದರೆ ಕೇಸೂ ಗಟ್ಟಿಯಾಗುತ್ತೆ ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನಿಮಗೆ ಹೋಗುವ ಹಕ್ಕಿರುವ ಒಂದು ದಿಕ್ಕಿಗೆ ಬೇಕಂತಲೇ ತಡೆ ಒಡ್ಡಿದರೆ ಅದು ರಿಸ್ಟ್ರೇಂಟ್. ಉಳಿದ ದಿಕ್ಕು ತೆರೆದಿದ್ದರೂ ಅದು ಅಪರಾಧವೇ. ನಿಮ್ಮ ಸುತ್ತ ಒಂದು ಎಲ್ಲೆ ಹಾಕಿ, ಅದರಾಚೆ ಯಾವ ಕಡೆಗೂ ಹೋಗಲು ಬಿಡದಿದ್ದರೆ ಕನ್ಫೈನ್‌ಮೆಂಟ್. ಆ ಪದದೊಳಗೇ ಎಲ್ಲೆ ಇದೆ: ಲ್ಯಾಟಿನ್ನಿನ ‘ಫೀನಿಸ್’ ಅಂದರೆ ಗಡಿ, ಕೊನೆ. ರಿಸ್ಟ್ರೇನ್ ಬಂದಿರುವುದು ಹಿಂದಕ್ಕೆ ಬಿಗಿದು ಹಿಡಿಯುವ ಅರ್ಥದಿಂದ. ಒಂದು ಲಗಾಮು, ಇನ್ನೊಂದು ದನದ ದೊಡ್ಡಿ.

ಲಂಡನ್ನಿನಲ್ಲಿ 1845ರಲ್ಲಿ ಇದೇ ಪ್ರಶ್ನೆ ಕೋರ್ಟಿಗೆ ಬಂದಿತ್ತು. ದೋಣಿ ಪಂದ್ಯ ನೋಡುವವರಿಗಾಗಿ ಹ್ಯಾಮರ್‌ಸ್ಮಿತ್ ಸೇತುವೆಯ ಕಾಲುದಾರಿಗೆ ಬೇಲಿ ಹಾಕಿ ಆಸನ ಇಟ್ಟಿದ್ದರು. ಬರ್ಡ್ ಎಂಬಾತ ಬೇಲಿ ಹಾರಿ ಒಳಗೆ ಬಂದ. ಪೊಲೀಸರು ಮುಂದೆ ಬಿಡಲಿಲ್ಲ. ಹಿಂದಕ್ಕೆ ಹೋಗಲು ಮಾತ್ರ ಅಡ್ಡಿ ಇರಲಿಲ್ಲ. ಒಂದು ದಿಕ್ಕನ್ನು ತಡೆದ ಮಾತ್ರಕ್ಕೆ ಸೆರೆ ಆಗುವುದಿಲ್ಲ, ಸೆರೆಗೆ ಸುತ್ತಲೂ ಎಲ್ಲೆ ಬೇಕು ಅಂತ ಹೆಚ್ಚಿನ ನ್ಯಾಯಾಧೀಶರು ಹೇಳಿದರು.

ನಮ್ಮಲ್ಲಿ 1860ರ ದಂಡ ಸಂಹಿತೆಯಲ್ಲಿ ಇವು 339, 340ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 126, 127. ತಡೆದರೆ ಒಂದು ತಿಂಗಳವರೆಗೆ ಸಾದಾ ಸಜೆ, ಕೂಡಿ ಹಾಕಿದರೆ ಒಂದು ವರ್ಷದವರೆಗೆ. ಮೂರು ದಿನ ಅಥವಾ ಅದಕ್ಕಿಂತ ಜಾಸ್ತಿ ಕೂಡಿ ಹಾಕಿದರೆ ಮೂರು ವರ್ಷದವರೆಗೆ. ತಪ್ಪು ಪದ ಬರೆದ ಮಾತ್ರಕ್ಕೆ ಕೇಸು ಬಿದ್ದೇ ಹೋಗುತ್ತೆ ಅಂತ ನಾನು ಹೇಳುತ್ತಿಲ್ಲ. ಒಂದೊಂದು ಪ್ರಕರಣದ ಸಂಗತಿ ಒಂದೊಂದು ಥರ. ಆದರೆ ಎದುರು ಕಡೆಯ ವಕೀಲರು ಪಾಟೀಸವಾಲಿನಲ್ಲಿ “ಇನ್ನೊಂದು ದಾರಿ ಇತ್ತಲ್ವಾ?” ಅಂತ ಕೇಳಿದಾಗ ಸಾಕ್ಷಿ ತಬ್ಬಿಬ್ಬಾಗುತ್ತಾರೆ. ಆಮೇಲೆ ಅವರು ಹೇಳುವ ನಿಜದ ಮೇಲೂ ಅನುಮಾನ ಬರುತ್ತೆ.

ಅರೆಸ್ಟ್ ಕೂಡ ಹಾಗೇ. “ಓನರ್ ನನ್ನನ್ನು ಅರೆಸ್ಟ್ ಮಾಡಿಟ್ಟಿದ್ದ” ಅಂತಾರೆ. ಆ ಪದದ ಮೂಲ ಅರ್ಥ ನಿಲ್ಲಿಸುವುದು, ಕಾರ್ಡಿಯಾಕ್ ಅರೆಸ್ಟ್ ಅನ್ನುವಾಗ ಇರುವುದೂ ಅದೇ. ಆದರೆ ಕಾನೂನಿನಲ್ಲಿ ಅರೆಸ್ಟ್ ಅಂದರೆ ಕಾನೂನಿನ ಅಧಿಕಾರದಿಂದ ಮಾಡುವ ದಸ್ತಗಿರಿ. ಅದು ಆದ ಮೇಲೆ, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಮನೆ ಓನರ್‌ಗೆ ಆ ಪದ ಹೊಂದುವುದಿಲ್ಲ. ಕಸ್ಟಡಿ ಅಂದರೆ ಕಾವಲು, ಪಾಲನೆ. ಅದಕ್ಕೇ ಫ್ಯಾಮಿಲಿ ಕೋರ್ಟಿನಲ್ಲೂ ಮಗುವಿನ ಕಸ್ಟಡಿ ಅನ್ನುತ್ತಾರೆ, ಹೆದರಬೇಡಿ.

ನನಗೆ ನಿಜಕ್ಕೂ ಬೇಸರ ತರಿಸುವುದು ಬೇರೆ. ಈ ವ್ಯತ್ಯಾಸ ನಮ್ಮ ಮನೆಮಾತಿನಲ್ಲಿ ಮೊದಲಿನಿಂದ ಇದೆ. ಅಡ್ಡಗಟ್ಟಿದರು, ಕೂಡಿ ಹಾಕಿದರು. ಕೋಳಿಯನ್ನು ಯಾರಾದರೂ ಗೂಡಿನಲ್ಲಿ ‘ಅಡ್ಡಗಟ್ಟುತ್ತಾರಾ’? ಮನೆಯಲ್ಲಿ ಹೆಂಡತಿಗೆ ಸರಿಯಾಗಿ ಹೇಳಿದ್ದನ್ನೇ ಠಾಣೆಗೆ ಬರುವಾಗ ಬಿಟ್ಟು, ಇಂಗ್ಲಿಷಿನಲ್ಲಿ ತಪ್ಪಾಗಿ ಬರೆದು ತರುತ್ತಾರೆ. ದೂರು ಕನ್ನಡದಲ್ಲೇ ಕೊಡಬಹುದು.

ಇದು ಉಲ್ಟಾ ಆಗಿದ್ದೂ ಉಂಟು. ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸ ಮಾಡುವ ಹುಡುಗಿ ಬಂದಿದ್ದಳು. ಮಾಲು ಕಡಿಮೆ ಬಂತು ಅಂತ ಅವಳನ್ನು ಲೆಕ್ಕದ ಕೋಣೆಯಲ್ಲಿ ನಾಲ್ಕು ಗಂಟೆ ಕೂರಿಸಿದ್ದರು. ಯಾರೋ ಅವಳ ಹೆಸರಲ್ಲಿ ಇಂಗ್ಲಿಷಿನಲ್ಲಿ ‘ಸ್ಟಾಪ್ ಮಾಡಿದರು’ ಅಂತಷ್ಟೇ ಬರೆದುಕೊಟ್ಟಿದ್ದರು.

“ಬಾಗಿಲಿಗೆ ಬೀಗ ಹಾಕಿರಲಿಲ್ಲ ಮೇಡಂ,” ಅಂದಳು. “ಅದಕ್ಕೇ ಅಷ್ಟೇ ಬರೆಸಿದೆ.”

“ಎದ್ದು ಬರಬಹುದಿತ್ತಾ?”

“ಹೆಂಗ್ ಬರ್ಲಿ? ಇಬ್ಬರು ಗಾರ್ಡ್ ನಿಂತಿದ್ರು. ಎದ್ದರೆ ಕೈಕಾಲು ಮುರೀತೀವಿ ಅಂದ್ರು. ಬಾತ್ರೂಮಿಗೂ ಬಿಡಲಿಲ್ಲ.”

ಬೀಗವೇ ಬೇಕಂತಿಲ್ಲ. ಹೊರದಾರಿಗಳಲ್ಲಿ ಬಂದೂಕು ಹಿಡಿದವರನ್ನು ನಿಲ್ಲಿಸಿ ‘ಹೊರಟರೆ ಗುಂಡು ಹಾರಿಸುತ್ತಾರೆ’ ಅಂತ ಬೆದರಿಸುವುದನ್ನು 1860ರ ಕಾನೂನೇ ಕನ್ಫೈನ್‌ಮೆಂಟಿಗೆ ಉದಾಹರಣೆಯಾಗಿ ಕೊಟ್ಟಿದೆ. ಹಳೆಯ ಕಾಗದ ಪಕ್ಕಕ್ಕಿಟ್ಟು, ಊರಲ್ಲಿ ಅಮ್ಮನಿಗೆ ಫೋನ್ ಮಾಡಿ ಏನು ಹೇಳಿದೆ ಅಂತ ಕೇಳಿದೆ. “ಕೂಡಿ ಹಾಕಿಬಿಟ್ಟಿದ್ರು ಕಣಮ್ಮ ಅಂದೆ,” ಅಂದಳು. ಹೊಸ ದೂರು ಅಲ್ಲಿಂದಲೇ ಶುರು ಮಾಡಿದೆವು.