ಅಣ್ಣ ತನ್ನ ಪಾಲನ್ನು ಹೊರಗಿನವರಿಗೆ ಮಾರಿದರೆ?

ಪ್ರಶ್ನೆ: ಅಪ್ಪ ಕಟ್ಟಿಸಿದ ಉಡುಪಿಯ ಮನೆಯಲ್ಲಿ ಅಮ್ಮ, ನಾನು ಇದ್ದೇವೆ. ಅಪ್ಪ ವಿಲ್ ಬರೆದಿಟ್ಟಿಲ್ಲ. ಅಕ್ಕನಿಗೆ ಮದುವೆಯಾಗಿದೆ. ಮುಂಬಯಿಯಲ್ಲಿರುವ ಅಣ್ಣ ತನ್ನ ಪಾಲನ್ನು ಯಾರಿಗಾದರೂ ಮಾರಿಬಿಡ್ತೇನೆ ಅಂತ ಫೋನಿನಲ್ಲಿ ಹೆದರಿಸ್ತಾರೆ. ಹಾಗೆ ಮಾರಬಹುದಾ?

ಮಾರಬಹುದು. ಆದರೆ ಕೊಂಡವರ ಕೈಗೆ ಏನು ಸಿಗುತ್ತದೆ ಅಂತ ಅಣ್ಣ ಯೋಚಿಸಿಲ್ಲ ಅನ್ನಿಸುತ್ತದೆ.

ಅಪ್ಪನ ಸ್ವಂತ ದುಡಿಮೆಯ ಮನೆ, ವಿಲ್ ಇಲ್ಲ ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಮ್ಮ ಮತ್ತು ಮೂವರು ಮಕ್ಕಳಿಗೆ ತಲಾ ಕಾಲು ಪಾಲು. ಅಪ್ಪ ತೀರಿಕೊಂಡಾಗ ಅವರ ತಾಯಿ ಬದುಕಿದ್ದರೆ ಅವರಿಗೂ ಒಂದು, ಆಗ ಐದು ಪಾಲು. ಅಕ್ಕನಿಗೆ ಮದುವೆಯಲ್ಲಿ ಚಿನ್ನ ಹಾಕಿದ್ದೇವಲ್ಲ ಅನ್ನುವ ಮಾತು ಇಲ್ಲಿ ನಡೆಯೋದಿಲ್ಲ. ಮನೆ ತೆರಿಗೆ ನೀವೊಬ್ಬರೇ ಕಟ್ಟಿದ್ದೀರಿ, ಖಾತೆ ಅಮ್ಮನ ಹೆಸರಿಗಿದೆ ಅಂದರೂ ಅಷ್ಟೇ, ಪಾಲು ಬದಲಾಗೋದಿಲ್ಲ.

ಅಣ್ಣನ ಕಾಲು ಅಂದರೆ ಚಾವಡಿಯಲ್ಲ, ಮೇಲಿನ ಕೋಣೆಯೂ ಅಲ್ಲ. ಪಾಲಾಗುವ ತನಕ ಅದು ಮನೆಯ ಒಂದೊಂದು ಹಂಚಿನಲ್ಲೂ ಇದೆ, ಬಾವಿಯಲ್ಲೂ ಇದೆ. ಅದನ್ನು ಕೊಂಡ ಹೊರಗಿನವರು ಪೆಟ್ಟಿಗೆ ಹಿಡಿದು ಬಂದು ನಿಮ್ಮ ಜೊತೆ ವಾಸ ಮಾಡುವ ಹಾಗಿಲ್ಲ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಮು ಅದಕ್ಕೆ ಬಿಡುವುದಿಲ್ಲ. ಅವರು ಪಾಲಿಗಾಗಿ ಕೋರ್ಟಿಗೇ ಹೋಗಬೇಕು. ಹೋದರೆ, 1893ರ ವಿಭಾಗ ಕಾಯ್ದೆಯ 4ನೇ ಕಲಮಿನಂತೆ ಕೋರ್ಟು ಕಟ್ಟಿದ ಬೆಲೆಗೆ ಆ ಪಾಲನ್ನು ನಾವೇ ಕೊಳ್ತೇವೆ ಅಂತ ನೀವು ಕೇಳಬಹುದು. ವರ್ಷಗಟ್ಟಲೆ ಕೋರ್ಟು ಸುತ್ತಲು ಯಾರು ದುಡ್ಡು ಹಾಕ್ತಾರೆ? ಹಾಕಿದರೂ ತೀರಾ ಕಮ್ಮಿ ಬೆಲೆ ಹೇಳ್ತಾರೆ. ಇದನ್ನು ಅಣ್ಣನಿಗೆ ಜಗಳವಿಲ್ಲದೆ ತಿಳಿಸಿ.

ಅದಕ್ಕೂ ಮೊದಲಿನ ದಾರಿ ಒಂದಿದೆ. ಉತ್ತರಾಧಿಕಾರ ಕಾಯ್ದೆಯ 22ನೇ ಕಲಮಿನ ಪ್ರಕಾರ, ಒಬ್ಬರು ಪಾಲು ಮಾರಲು ಹೊರಟರೆ ಉಳಿದ ವಾರಸುದಾರರಿಗೆ ಕೊಳ್ಳುವ ಮೊದಲ ಹಕ್ಕು. ರೇಟು ಹೊಂದದಿದ್ದರೆ ಕೋರ್ಟು ನಿಗದಿ ಮಾಡುತ್ತದೆ. ಹಾಗಾಗಿ ಕೊಳ್ಳಲು ನಾವು ತಯಾರಿದ್ದೇವೆ ಅಂತ ವಕೀಲರ ಮೂಲಕ ಈಗಲೇ ನೋಟಿಸು ಕಳಿಸಿಡಿ. ಬೇಸರ ಬೇಡ, ದಾಖಲೆ ಇರಲಿ ಅಷ್ಟೇ.

ಅಂದಹಾಗೆ, ಇದೆಲ್ಲ ಅಪ್ಪನ ಮನೆಯ ಮಾತು. ಅಮ್ಮನ ಕಡೆಯಿಂದ ಅಳಿಯಸಂತಾನದಲ್ಲಿ, ಅಂದರೆ ಹೆಣ್ಣಿನ ವಂಶದಲ್ಲಿ ಆಸ್ತಿ ಸಾಗುವ ಕರಾವಳಿಯ ಕಟ್ಟಿನಲ್ಲಿ ಬಂದ, ದೈವದ ಕೋಣೆ ಇರುವ ಕುಟುಂಬದ ಮನೆಯಾದರೆ ಲೆಕ್ಕ ಬೇರೆ, ಹಳೆಯ ಪಾಲುಪಟ್ಟಿಯನ್ನೇ ಹುಡುಕಬೇಕು.

ಅಣ್ಣ ಒಪ್ಪಿದರೆ ಬಾಂಡ್ ಪೇಪರಿನಲ್ಲಿ ಸುಮ್ನೆ ಸಹಿ ಹಾಕಿಸಿಕೊಂಡು ಕೂರಬೇಡಿ. ದುಡ್ಡು ಬ್ಯಾಂಕಿನ ಮೂಲಕ ಕೊಟ್ಟು, ಹಕ್ಕು ಬಿಡುಗಡೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಿ. ಮಾತಿಗೆ ಕೂರುವ ದಿನ ಅಕ್ಕನನ್ನೂ ಕರೆಯಿರಿ, ಅಣ್ಣ ಬಿಟ್ಟುಕೊಟ್ಟರೂ ಅಕ್ಕನ ಕಾಲು ಪಾಲು ಹಾಗೇ ಇರುತ್ತದೆ ಅಲ್ವಾ.